ಜಯಕ್ಕನ ಪುಡಿ

ನಾನು ನಿವೃತ್ತಳಾದ ದಿನ, ಹೊಸದಾಗಿ ಕೆಲಸಕ್ಕೆ ಸೇರಿದ್ದ ಇಬ್ಬರು ಹುಡುಗಿಯರು “ಅನುಭವದ ನಾಲ್ಕು ಮಾತು ಹೇಳಿ ಮೇಡಂ” ಎಂದರು. ನಾಲ್ಕು ಮಾತಿಗೆ ನಿಲ್ಲುವ ಬಾಯಿ ನನ್ನದಲ್ಲ. ಶಾಲು ಹೊದ್ದುಕೊಂಡು ಮುಕ್ಕಾಲು ಗಂಟೆ ಮಾತಾಡಿದೆ. ಉಪ್ಪಿಟ್ಟು ತಣ್ಣಗಾಯಿತು, ಡಾಕ್ಟರು ಎರಡು ಸಲ ಗಡಿಯಾರ ನೋಡಿದರು. ಆದರೂ ಹೇಳಬೇಕಾಗಿದ್ದದ್ದು ಮಾತ್ರ ಹೇಳಲಿಲ್ಲ. ಹಾರ ಹಾಕಿಸಿಕೊಳ್ಳುವ ದಿನ ಸ್ವಂತ ತಪ್ಪಿನ ಕಥೆ ಯಾರು ಎತ್ತುತ್ತಾರೆ? ಈಗ ಮನೆಯಲ್ಲಿ ಕೂತು ಬರೆಯುತ್ತಿದ್ದೇನೆ. ಇಲ್ಲಿ ಗಡಿಯಾರ ನೋಡುವವರಿಲ್ಲ.

ಒಂದು ಕಾಲದಲ್ಲಿ ನನ್ನ ಹೆಸರಿನ ಒಂದು ಪುಡಿ ಇತ್ತು. ನಮ್ಮ ಸುತ್ತಿನ ತೋಟಗಳಲ್ಲೆಲ್ಲ ಅದನ್ನು ‘ಜಯಕ್ಕನ ಪುಡಿ’ ಎನ್ನುತ್ತಿದ್ದರು. ಅದರ ದೆಸೆಯಿಂದ ಗಿರಿಜಾ ಎಂಬ ಒಬ್ಬ ಹೆಂಗಸು ಕಾಲು ಕಳೆದುಕೊಳ್ಳುವುದರಲ್ಲಿದ್ದಳು. ಆ ಪುಡಿ ಹೇಗೆ ಹುಟ್ಟಿತು, ಹೇಗೆ ಹೋಯಿತು ಎಂಬುದನ್ನು ಹೇಳಿಬಿಡುತ್ತೇನೆ. ಔಷಧಿ ಕೊಡುವ ಕಿಟಕಿಯ ಹಿಂದೆ ಕೂರಲಿರುವ ಹುಡುಗಿಯರೇ, ನಿಮಗೆ ನನ್ನ ಸೇವಾ ಪುಸ್ತಕಕ್ಕಿಂತ ಅದು ಹೆಚ್ಚು ಉಪಯೋಗ.

ಮೂಡಿಗೆರೆ ತಾಲ್ಲೂಕಿನ ಒಂದು ಸಣ್ಣ ಆರೋಗ್ಯ ಕೇಂದ್ರದಲ್ಲಿ ನನ್ನ ಕೆಲಸ. ಕಾಗದದಲ್ಲಿ ಫಾರ್ಮಸಿಸ್ಟ್ ಜಯಲಕ್ಷ್ಮಿ. ಜನರ ಬಾಯಲ್ಲಿ ಮೊದಲು ‘ಕಂಪೌಂಡ್ರಮ್ಮ’, ಆಮೇಲೆ ‘ಜಯಕ್ಕ’. ಆಗಿನ್ನೂ ಕೆಮ್ಮಿನ ಔಷಧಿಯನ್ನು ನಾವೇ ಕಲಸಿ ಕೊಡುವ ಕಾಲ. ಬಾಟಲಿ ಮಾತ್ರ ರೋಗಿಗಳು ಮನೆಯಿಂದ ತರಬೇಕಿತ್ತು. ಒಬ್ಬ ಅಜ್ಜ ಸೀಮೆಎಣ್ಣೆ ಬಾಟಲಿಯನ್ನು ತೊಳೆಯದೆ ತಂದು ತುಂಬಿಸಿಕೊಂಡು ಹೋದರು. ನನಗೆ ವಾಸನೆ ಗೊತ್ತಾಗುವ ಹೊತ್ತಿಗೆ ಅವರು ಬಸ್ಸು ಹತ್ತಿಯಾಗಿತ್ತು. ಮೂರು ದಿನ ನನಗೆ ಅನ್ನ ಸೇರಲಿಲ್ಲ. ನಾಲ್ಕನೇ ದಿನ ಅಜ್ಜ ನಗುತ್ತಾ ಬಂದರು. “ಈ ಸಲದ ಔಷಧಿ ಭಾರಿ ಘಾಟು ಮಾರಾಯ್ತಿ. ಎರಡೇ ಗುಟುಕಿಗೆ ಕೆಮ್ಮು ಹೆದ್ರಿ ಓಡ್ತು!” ಎಂದರು. ನಾನು ಆ ಬಾಟಲಿಯನ್ನು ಕಸಿದುಕೊಂಡು ಹಿತ್ತಿಲಿಗೆ ಎಸೆದೆ. ಅಜ್ಜ ಇವತ್ತಿಗೂ ನನ್ನನ್ನು ಕ್ಷಮಿಸಿಲ್ಲ ಎಂದು ಕಾಣುತ್ತದೆ, ಎಲ್ಲಿದ್ದಾರೋ.

ಆ ಕಾಲದ ಮಹಾರಾಜ ಎಂದರೆ ಒಂದು ಕ್ಯಾಪ್ಸೂಲ್. ಅರ್ಧ ಕೆಂಪು, ಅರ್ಧ ಹಳದಿ. ಅದರ ಹೆಸರನ್ನು ಬೇಕಂತಲೇ ಬರೆಯುತ್ತಿಲ್ಲ. ಬರೆದರೆ ನಿಮ್ಮಲ್ಲೇ ಯಾರಾದರೂ ಹೋಗಿ ಕೇಳಿ ತಂದೀರಿ. ಸೋಂಕಿಗೆ ಕಾರಣವಾಗುವ ರೋಗಾಣುಗಳನ್ನು ಕೊಲ್ಲುವ ಔಷಧಿ ಅದು. ಆದರೆ ಜನಕ್ಕೆ ಅದು ಜ್ವರಕ್ಕೂ ಆಗಬೇಕು, ಶೀತಕ್ಕೂ ಆಗಬೇಕು, ಮೈಕೈ ನೋವಿಗೂ ಆಗಬೇಕು. ಬಿಳಿ ಮಾತ್ರೆ ಕೊಟ್ಟರೆ ಕಿಟಕಿಯಲ್ಲೇ ನಿಂತು ಮುಖ ಸಣ್ಣ ಮಾಡುತ್ತಿದ್ದರು. ಆಗಿನ ನಮ್ಮ ಹಿರಿಯ ಡಾಕ್ಟರು ಒಳ್ಳೆಯವರೇ. ಆದರೆ ಎದುರಿಗೆ ಸಾಲು ಉದ್ದ, ಹೊತ್ತು ಕಮ್ಮಿ. ತಲೆ ಎತ್ತದೆ “ಜಯಲಕ್ಷ್ಮೀ, ಅದೇ ಕೊಡಿ” ಎನ್ನುತ್ತಿದ್ದರು. ನಾನು ಅದನ್ನೇ ಕೊಡುತ್ತಿದ್ದೆ. ನಿನ್ನ ಕೈಗುಣ ಚೆನ್ನಾಗಿದೆ ಎಂದು ಜನ ಹೇಳುತ್ತಿದ್ದರು, ನಾನು ಉಬ್ಬುತ್ತಿದ್ದೆ.

ಕೆಲಸಕ್ಕೆ ಸೇರಿದ ಎರಡನೇ ಮಳೆಗಾಲ. ನಮ್ಮ ಕಡೆ ಮಳೆ ಹಿಡಿದರೆ ತೋಟದಲ್ಲಿ ಇಂಬಳದ ಕಾಟ. ಬಯಲುಸೀಮೆಯವರು ಜಿಗಣೆ ಎನ್ನುತ್ತಾರಲ್ಲ, ಅದೇ. ಕಚ್ಚಿದ್ದು ಗೊತ್ತಾಗುವುದಿಲ್ಲ. ರಕ್ತ ಕುಡಿದು ಉದುರಿದ ಮೇಲೆ ತುರಿಕೆ ಶುರು. ಕೆಸರಿನ ಉಗುರಲ್ಲಿ ತುರಿಸಿಕೊಂಡರೆ ಮುಗಿಯಿತು, ಕೀವು ತುಂಬುತ್ತದೆ. ಒಂದು ದಿನ ಪಕ್ಕದ ಎಸ್ಟೇಟಿನಿಂದ ಗಿರಿಜಾ ಬಂದಳು. ಆಗಷ್ಟೇ ಮದುವೆಯಾಗಿ ಬಂದಿದ್ದ ಹುಡುಗಿ. ಕಾಫಿ ಗಿಡದ ಚಿಗುರು ತೆಗೆಯುವುದರಲ್ಲಿ ಅವಳನ್ನು ಮೀರಿಸುವವರಿರಲಿಲ್ಲವಂತೆ. ಬಲಗಾಲಿನ ಬೆರಳ ಸಂದಿಯಲ್ಲಿ ಮೂರು ಕಡೆ ಕಚ್ಚಿ, ಪಾದ ಬಾತುಕೊಂಡಿತ್ತು.

“ನುಂಗೂಕೆ ಬೇಡ ಜಯಕ್ಕ, ಹೊಟ್ಟೆ ಉರಿತದೆ. ಮೇಲಿಂದ ಎಂತಾದ್ರೂ ಹಾಕಿ” ಎಂದಳು.

ಮುಲಾಮು ಮುಗಿದು ಹದಿನೈದು ದಿನವಾಗಿತ್ತು. ನಾನು ಅವಳ ಪಾದವನ್ನು ನಲ್ಲಿಯ ಕೆಳಗೆ ಹಿಡಿದು, ಸೋಪು ಹಚ್ಚಿ, ಕೆಸರೆಲ್ಲ ಹೋಗುವ ತನಕ ಚೆನ್ನಾಗಿ ತಿಕ್ಕಿ ತೊಳೆದೆ. ಬಟ್ಟೆಯಲ್ಲಿ ಒರೆಸಿದೆ. ಆಮೇಲೆ ಏನು ತೋಚಿತೋ, ಒಂದು ಕ್ಯಾಪ್ಸೂಲ್ ತೆಗೆದು ಪಟ್ಟನೆ ಎರಡು ಹೋಳು ಮಾಡಿ, ಒಳಗಿನ ಹಳದಿ ಪುಡಿಯನ್ನು ಗಾಯದ ಮೇಲೆ ಉದುರಿಸಿದೆ. ನಾಲ್ಕು ದಿನಕ್ಕೆ ಗಾಯ ಒಣಗಿತು. ಎಲ್ಲರೂ ಪುಡಿಯನ್ನು ಹೊಗಳಿದರು. ತೊಳೆದದ್ದನ್ನು ಯಾರೂ ಲೆಕ್ಕಕ್ಕೆ ಹಿಡಿಯಲಿಲ್ಲ. ಕಲಿತವಳು ನಾನು, ನಾನೂ ಹಿಡಿಯಲಿಲ್ಲ.

ಗಿರಿಜಾ ಸುಮ್ಮನಿರುವ ಪೈಕಿ ಅಲ್ಲ. ಸಂತೆಗೆ ಹೋದಲ್ಲಿ, ಬಸ್ಸಿನಲ್ಲಿ, ಬಣಕಲ್ಲಿನ ಅಂಗಡಿ ಜಗಲಿಯಲ್ಲಿ ಕಾಲು ಎತ್ತಿ ತೋರಿಸಿದಳು. ಮುಂದಿನ ಮಳೆಗಾಲಕ್ಕೆ ಅವಳ ಎಸ್ಟೇಟಿನ ರೈಟರ್ ಸೋಮಣ್ಣನವರ ಕಿವಿಗೂ ಬಿತ್ತು. ಆಳುಗಳ ಹಾಜರಿ, ಕೆಲಸ ಎಲ್ಲ ಬರೆದಿಡುವವರಿಗೆ ನಮ್ಮಲ್ಲಿ ರೈಟರ್ ಎನ್ನುತ್ತಾರೆ. ಸೋಮಣ್ಣನವರು ಭಾರಿ ಶಿಸ್ತಿನ ಮನುಷ್ಯ. ಮೆಡಿಕಲ್ ಶಾಪಿನಿಂದ ಡಬ್ಬಗಟ್ಟಲೆ ಕ್ಯಾಪ್ಸೂಲ್ ತರಿಸಿ, ಬಿಡಿಸಿ, ಪುಡಿಯನ್ನು ಉಪ್ಪಿನಕಾಯಿ ಭರಣಿಯಲ್ಲಿ ತುಂಬಿಟ್ಟರು. ಬೆಳಿಗ್ಗೆ ಮಸ್ಟರ್, ಎಂದರೆ ಹಾಜರಿ, ಕರೆಯುವಾಗ ಒಂದೊಂದು ಹೆಸರಿಗೆ ಒಂದೊಂದು ಚಿಟಿಕೆ ಅಂಗೈಗೆ ಹಾಕುತ್ತಿದ್ದರು. ಗಾಯ ಇದ್ದವರಿಗೂ ಇಲ್ಲದವರಿಗೂ. ಕಾಲಿಗೆ ಸವರಿಕೊಂಡೇ ತೋಟಕ್ಕಿಳಿಯಬೇಕು. “ಜಯಕ್ಕನ ಪುಡಿ ಹಾಕ್ಕಂಡ್ರಾ?” ಎಂದು ಕೇಳಿಯೇ ಕೆಲಸಕ್ಕೆ ಕಳಿಸುತ್ತಿದ್ದರು.

ಅಲ್ಲಿಂದ ಅದು ಜಾವಳಿ ಕಡೆಯ ತೋಟಗಳಿಗೂ ಹೋಯಿತು, ಕಳಸದ ದಾರಿಯನ್ನೂ ಹಿಡಿಯಿತು. ಹಸುವಿನ ಕೆಚ್ಚಲಿಗೆ ಜಯಕ್ಕನ ಪುಡಿ, ತೂಕಡಿಸುವ ಕೋಳಿಗೆ ಜಯಕ್ಕನ ಪುಡಿ, ನಾಯಿಯ ಕಿವಿಗೆ ಜಯಕ್ಕನ ಪುಡಿ. ಒಂದು ವರ್ಷ ಸೋಮಣ್ಣನವರ ಮೆಣಸಿನ ಬಳ್ಳಿಗೆ ಸೊರಗು ರೋಗ ಬಂತು. ಅದರ ಬುಡಕ್ಕೂ ಒಂದು ಹಿಡಿ ಹಾಕಿಸಿದರು. ಬಳ್ಳಿ ವಾರದಲ್ಲಿ ಒಣಗಿ ನಿಂತಿತು. ಸೋಮಣ್ಣನವರು ಅದರ ಮುಂದೆ ನಿಂತು ತುಂಬಾ ಯೋಚಿಸಿ, “ಡೋಸು ಕಮ್ಮಿ ಆಯ್ತು ಕಾಣ್ತದೆ” ಎಂದರಂತೆ. ಇದನ್ನು ಕೇಳಿ ನಾನು ಹೊಟ್ಟೆ ಹಿಡಿದುಕೊಂಡು ನಕ್ಕೆ. ನಿಲ್ಲಿಸಬೇಕು ಎಂದು ಮಾತ್ರ ಅನ್ನಿಸಲಿಲ್ಲ. ನನ್ನ ಹೆಸರು ಊರೂರು ಸುತ್ತುತ್ತಿತ್ತಲ್ಲ! ನಿಜ ಹೇಳುತ್ತೇನೆ, ನನಗೆ ಖುಷಿಯೇ ಆಗುತ್ತಿತ್ತು.

ಹೀಗೇ ಬಹಳ ವರ್ಷ ಕಳೆದವು. ಹಳೆಯ ಡಾಕ್ಟರು ಹೋಗಿ ಇನ್ನೊಬ್ಬರು ಬಂದರು, ಅವರೂ ಹೋದರು. ಕೊನೆಗೆ ಡಾಕ್ಟರ್ ವತ್ಸಲಾ ಬಂದರು. ತುಮಕೂರು ಕಡೆಯವರು. ತೆಳ್ಳಗೆ, ಮೆಲುಮಾತು. ನನ್ನಂಥ ಹತ್ತು ಜನರನ್ನು ಮಾತಿಲ್ಲದೆ ಹದಕ್ಕೆ ತರುವ ಜಾತಿ. ಬಂದ ತಿಂಗಳಲ್ಲೇ ಒಬ್ಬಳ ಕಾಲಿನ ಮೇಲೆ ಹಳದಿ ಪುಡಿ ನೋಡಿ ಕೋಣೆಯೊಳಗೆ ನನ್ನನ್ನು ಕರೆದರು.

“ಏನ್ರೀ ಜಯಲಕ್ಷ್ಮಿ ಇದು? ಎಲ್ಲರ ಕಾಲಿಗೂ ಕ್ಯಾಪ್ಸೂಲ್ ಪುಡಿ ಮೆತ್ತಿದೆ. ಯಾರು ಶುರು ಮಾಡಿದ್ದು?”

“ನಂಗೆ ಗೊತ್ತಿಲ್ಲ ಮೇಡಂ” ಎಂದೆ. ಕಣ್ಣು ಮಿಟುಕಿಸದೆ ಹೇಳಿದೆ.

ಅಷ್ಟರಲ್ಲಿ ಕಿಟಕಿಯ ಸರಳಿಗೆ ಮುಖ ಒತ್ತಿ ಒಬ್ಬಳು ಕೂಗಿದಳು. “ಜಯಕ್ಕಾ, ನಿಮ್ಮ ಪುಡಿ ಒಂಚೂರು ಉಂಟಾ? ನಮ್ಮ ಹುಂಜಕ್ಕೆ ಹುಷಾರಿಲ್ಲ!”

ಡಾಕ್ಟರು ನನ್ನನ್ನು ನೋಡಿದರು. ನಾನು ಫ್ಯಾನು ನೋಡಿದೆ. ಅದು ತಿರುಗುತ್ತಿರಲಿಲ್ಲ, ಕರೆಂಟು ಹೋಗಿತ್ತು. ಅವರು ಬೈಯಲಿಲ್ಲ. ಕೂರಿಸಿ, ನಿಧಾನವಾಗಿ ಹೇಳಿದರು. ಇಂಥ ಔಷಧಿಯನ್ನು ಕಂಡಕಂಡಲ್ಲಿ, ಅಷ್ಟಿಷ್ಟು ಹಾಕುತ್ತಾ ಹೋದರೆ ಬಡಪಾಯಿ ರೋಗಾಣುಗಳು ಸಾಯುತ್ತವೆ, ಗಟ್ಟಿಯವು ಉಳಿದು ಬೆಳೆಯುತ್ತವೆ. ಕೊನೆಗೆ ಗಟ್ಟಿಯವೇ ತುಂಬಿಕೊಳ್ಳುತ್ತವೆ. ಆಗ ನಿಜವಾಗಿ ಬೇಕಾದ ದಿನ ಆ ಔಷಧಿ ಕೆಲಸ ಮಾಡುವುದಿಲ್ಲ. ನಾನು ಕೇಳಿಸಿಕೊಂಡೆ. ಫಾರ್ಮಸಿ ಓದುವಾಗ ಇದನ್ನೆಲ್ಲ ಬರೆದು ಪಾಸಾದವಳೇ ನಾನು. ಆದರೂ ಬಾಯಿ ಬಿಡಬೇಕಲ್ಲ.

“ಇಷ್ಟು ವರ್ಷ ಯಾರಿಗೂ ಏನೂ ಆಗಿಲ್ಲ ಮೇಡಂ” ಎಂದೆ.

“ಆಗದೇ ಇರಲಿ” ಎಂದರು, ಅಷ್ಟೇ.

ಆ ಮಳೆಗಾಲದ ಆಗಸ್ಟಿನಲ್ಲಿ ಜೀಪಿನ ಹಿಂದಿನ ಸೀಟಿನಲ್ಲಿ ಮಲಗಿಸಿಕೊಂಡು ಗಿರಿಜಾಳನ್ನು ತಂದರು. ಈಗ ಅವಳು ಹತ್ತು ಹೆಂಗಸರ ಗ್ಯಾಂಗಿಗೆ ಮುಂದಾಳು. ಅದೇ ಬಲಗಾಲು, ಅದೇ ಇಂಬಳ ಕಚ್ಚಿದ ಜಾಗ. ಪಾದ ಕುಂಬಳಕಾಯಿಯಂತೆ ಊದಿ, ಕೆಂಪು ಬಣ್ಣ ಮೊಣಕಾಲಿನ ಕಡೆಗೆ ಏರುತ್ತಿತ್ತು. ಮೈ ಕಾದ ಹೆಂಚು. ವಾರದಿಂದ ಪುಡಿ ಹಾಕುತ್ತಾ ಕೂತಿದ್ದಳಂತೆ. ಸಾಲದೆಂದು ಸೋಮಣ್ಣನವರು ಎರಡು ದಿನ ಅದೇ ಕ್ಯಾಪ್ಸೂಲನ್ನು ನುಂಗಿಸಿ, ಜ್ವರ ಸ್ವಲ್ಪ ಇಳಿದಾಗ ನಿಲ್ಲಿಸಿದ್ದರು. ಡಾಕ್ಟರು ಬೇರೆ ಔಷಧಿ ಶುರು ಮಾಡಿದರು. ಮರುದಿನಕ್ಕೂ ಜಗ್ಗಲಿಲ್ಲ. “ಇವಳನ್ನ ಚಿಕ್ಕಮಗಳೂರಿಗೆ ಕಳಿಸೋಣ. ಕೀವನ್ನ ಕಲ್ಚರ್ ಪರೀಕ್ಷೆಗೆ ಕೊಡಬೇಕು. ಯಾವ ಔಷಧಿಗೆ ಬಗ್ಗುತ್ತೆ ಅಂತ ಗೊತ್ತಾಗದೆ ಕತ್ತಲಲ್ಲಿ ಕಲ್ಲು ಹೊಡೆಯೋದು ಬೇಡ” ಎಂದರು. ಜೊತೆಗೆ ನಾನು ಹೊರಟೆ. ಯಾರೂ ಹೋಗು ಎನ್ನಲಿಲ್ಲ.

ದಾರಿಯುದ್ದಕ್ಕೂ ಗಿರಿಜಾ ನನ್ನ ಕೈ ಹಿಡಿದುಕೊಂಡಿದ್ದಳು. “ಕಾಲಿಲ್ದೆ ಈ ಗುಡ್ಡದಲ್ಲಿ ಎಂತ ಮಾಡೂದು ಜಯಕ್ಕ? ಹತ್ತೂದು ಹೆಂಗೆ, ಇಳಿಯೂದು ಹೆಂಗೆ?” ಎಂದು ಒಂದೇ ಸಲ ಕೇಳಿದಳು. ನಾನು ಇನ್ನೂ ಬೇಗ ಓಡಿಸಿ ಎಂದು ಡ್ರೈವರಿಗೆ ಕೂಗಿದೆ.

ಅಲ್ಲಿನ ಸರ್ಜನ್ ನೋಡಿ, ಎರಡು ಮೂರು ದಿನದಲ್ಲಿ ಸೋಂಕು ಇಳಿಯದಿದ್ದರೆ ಪಾದ ತೆಗೆಯಬೇಕಾದೀತು ಎಂದರು. ಪರೀಕ್ಷೆಯ ಫಲಿತಾಂಶಕ್ಕೆ ಕಾಯಬೇಕು. ಮೂರನೇ ದಿನ ಬೆಳಿಗ್ಗೆ ನಾನು ಲ್ಯಾಬಿನ ಬಾಗಿಲಿಗೇ ಹೋಗಿ ನಿಂತೆ. ಅಲ್ಲಿನ ಹಿರಿಯ ಟೆಕ್ನಿಷಿಯನ್ ಪುಣ್ಯಾತ್ಮರು, ಒಳಗೆ ಕರೆದು ಒಂದು ಸಣ್ಣ ಗಾಜಿನ ತಟ್ಟೆ ತೋರಿಸಿದರು. ಗಿರಿಜಾಳ ಕೀವಿನಿಂದ ಬೆಳೆಸಿದ ರೋಗಾಣುಗಳು ತೆಳ್ಳಗೆ ಕೆನೆ ಕಟ್ಟಿದಂತೆ ತಟ್ಟೆ ತುಂಬಾ ಹರಡಿದ್ದವು. ಅದರ ಮೇಲೆ ಬಟಾಣಿ ಗಾತ್ರದ ಕಾಗದದ ಬಿಲ್ಲೆಗಳು. ಒಂದೊಂದು ಬಿಲ್ಲೆಯಲ್ಲಿ ಒಂದೊಂದು ಔಷಧಿ. “ಯಾವ ಬಿಲ್ಲೆ ಸುತ್ತ ಜಾಗ ಖಾಲಿ ಇದೆಯೋ, ಆ ಔಷಧಿಗೆ ಇವು ಸಾಯ್ತವೆ ಅಂತ ಲೆಕ್ಕ ಅಮ್ಮ” ಎಂದರು.

“ಇದು ಯಾವುದು?” ಎಂದು ನಾನು ಒಂದನ್ನು ತೋರಿಸಿದೆ. ಅವರು ಹೆಸರು ಹೇಳಿದರು. ನನ್ನ ಕೆಂಪು-ಹಳದಿ ಕ್ಯಾಪ್ಸೂಲಿನ ಔಷಧಿ. ಅದರ ಸುತ್ತ ಒಂದು ಕೂದಲೆಳೆಯಷ್ಟೂ ಖಾಲಿ ಜಾಗವಿರಲಿಲ್ಲ. ರೋಗಾಣುಗಳು ಬಿಲ್ಲೆಯ ಅಂಚಿಗೇ ಬಂದು ಒರಗಿಕೊಂಡು ಕೂತಿದ್ದವು. ಜಗಲಿಯಲ್ಲಿ ಎಲೆ ಅಡಿಕೆ ಹಾಕುತ್ತಾ ಕೂತ ನೆಂಟರ ಹಾಗೆ! ಇನ್ನೂ ನಾಲ್ಕು ಬಿಲ್ಲೆಗಳ ಕಥೆಯೂ ಅದೇ. ಎರಡರ ಸುತ್ತ ಮಾತ್ರ ದುಂಡಗೆ ಬಯಲಾಗಿತ್ತು. ಆ ಎರಡು ದುಂಡುಗಳನ್ನು ನೋಡಿ ನಾನು ಅಲ್ಲೇ ಕೈ ಮುಗಿದೆ. ಟೆಕ್ನಿಷಿಯನ್ನರಿಗೆ ನಗು ಬಂತು.

ಅದರಲ್ಲೊಂದು ಔಷಧಿಯನ್ನು ರಕ್ತನಾಳಕ್ಕೆ ಹಾಕಲು ಶುರು ಮಾಡಿದರು. ನಾನು ಗಿರಿಜಾಳ ಮಂಚದ ಪಕ್ಕ ಕೂತು ಎಲ್ಲವನ್ನೂ ಹೇಳಿದೆ. ಅವತ್ತು ನಲ್ಲಿ ಕೆಳಗೆ ತೊಳೆದದ್ದೇ ಸಾಕಾಗಿತ್ತು, ಪುಡಿ ಬೇಕಿರಲಿಲ್ಲ. ಹೆಸರಿನ ಆಸೆಗೆ ಇಷ್ಟು ವರ್ಷ ಸುಮ್ಮನಿದ್ದೆ. ನಿನ್ನ ಕಾಲಿಗೆ ನಾನೇ ಕಂಟಕ ತಂದೆ ಎಂದೆಲ್ಲ ಹೇಳಿ ಅತ್ತೆ. ಪಕ್ಕದ ಮಂಚದವರು ಗಿರಿಜಾಳ ಕಥೆ ಮುಗಿಯಿತು ಎಂದುಕೊಂಡು ಅವರೂ ಅತ್ತರು.

ಗಿರಿಜಾ ಸೆರಗಿನ ತುದಿಯಿಂದ ನನ್ನ ಕಣ್ಣು ಒರೆಸಿದಳು. ಆಮೇಲೆ, “ನೀವು ಹಾಕಿದ್ದು ಒಂದೇ ಸಲ ಜಯಕ್ಕ. ಆಮೇಲೆಲ್ಲ ಹಾಕ್ಕಂಡಿದ್ದು ನಾವೇ. ಊರಿಗೆಲ್ಲ ಸಾರಿದ್ದು ನಾನೇ” ಎಂದಳು. ಸುಧಾರಿಸಿಕೊಂಡು, “ಆದ್ರೆ ಕಾಲೇನಾದ್ರೂ ಹೋದ್ರೆ ನಿಮ್ಮನ್ನ ಬಿಡೂದಿಲ್ಲ. ನಿಮ್ಮ ಹೆಗಲ ಮೇಲೆ ಕೂತೇ ತೋಟ ಸುತ್ತೂದು, ನೋಡಿ ಮತ್ತೆ!” ಎಂದಳು.

ಎರಡು ದಿನಕ್ಕೆ ಜ್ವರ ಇಳಿಯಿತು. ನಾಲ್ಕನೇ ದಿನ ಬೆಳಿಗ್ಗೆ ಆಸ್ಪತ್ರೆಯ ಗಂಜಿ ನೋಡಿ ಮೂಗು ಮುರಿದು, “ಒಂದು ತುಂಡು ಒಣಮೀನು ಸುಟ್ಟು ತಂದ್ರೆ ಎಂತಾಗ್ತದೆ?” ಎಂದು ಕೇಳಿದಳು. ಒಣಮೀನು ಕೇಳಿದ ಮೇಲೆ ನನಗೆ ಧೈರ್ಯ ಬಂತು. ಸರ್ಜನ್ ಬಂದು ಪಾದ ಒತ್ತಿ ನೋಡಿ, ಇನ್ನು ತೆಗೆಯುವ ಮಾತಿಲ್ಲ ಎಂದರು. ನಾನು ಹೊರಗೆ ಹೋಗಿ ಕಾರಿಡಾರಿನಲ್ಲಿ ಯಾರೋ ಗುರುತಿಲ್ಲದ ಹೆಂಗಸನ್ನು ತಬ್ಬಿಕೊಂಡುಬಿಟ್ಟೆ. ಆಕೆ ಪಾಪ, ನನ್ನ ಬೆನ್ನು ಸವರಿ, “ಗಂಡು ಮಗುವಾ, ಹೆಣ್ಣಾ?” ಎಂದಳು.

ಊರಿಗೆ ಬಂದ ಮೇಲೆ ಡಾಕ್ಟರ್ ವತ್ಸಲಾ ಅವರನ್ನು ಕರೆದುಕೊಂಡು ಬೆಳಿಗ್ಗೆ ಮಸ್ಟರಿಗೇ ಹೋದೆ. ಆಳುಗಳೆಲ್ಲ ಮಳೆಗೆ ತಲೆಯಿಂದ ಬೆನ್ನಿನ ತನಕ ಕಂಬಳಿಯ ಗೊಪ್ಪೆ ಹಾಕಿಕೊಂಡು ಸಾಲಾಗಿ ನಿಂತಿದ್ದರು. ಸೋಮಣ್ಣನವರ ಮುಂದೆ ಭರಣಿ. ಪುಡಿ ಶುರು ಮಾಡಿದ್ದು ನಾನು, ಅದು ತಪ್ಪು, ಇವತ್ತಿಗೆ ನಿಲ್ಲಿಸಿ ಎಂದು ದೊಡ್ಡ ಗಂಟಲಲ್ಲಿ ಹೇಳಿದೆ. ನಂಬಿದರಾ? ಒಬ್ಬರೂ ಇಲ್ಲ!

“ಸ್ಟಾಕು ಖಾಲಿ ಆಗಿರ್ಬೇಕು, ಅದ್ಕೇ ಹಿಂಗೆ ಹೇಳ್ತಿದಾರೆ” ಎಂದು ಹಿಂದಿನ ಸಾಲಿನಲ್ಲಿ ಯಾರೋ ಪಿಸುಗುಟ್ಟಿದರು.

ಸೋಮಣ್ಣನವರಿಗೆ ನಿಜವಾಗಿಯೂ ಬೇಜಾರಾಗಿತ್ತು. “ಅಲ್ಲ ಜಯಕ್ಕ, ನಿಮ್ಮ ಪುಡಿ ಸರಿಯಿಲ್ಲ ಅಂತ ನೀವೇ ಹೇಳಿದ್ರೆ ನಾವು ಯಾರನ್ನ ನಂಬೂದು ಮಾರಾಯ್ರೆ?”

ಆಗ ನನಗೆ ಮಂಗಗಳ ನೆನಪಾಯಿತು. “ಸೋಮಣ್ಣ, ಮಂಗ ಓಡ್ಸೂಕೆ ನೀವು ಪಟಾಕಿ ಹೊಡಿತೀರಲ್ಲ, ಈಗ ಓಡ್ತಾವಾ?” ಎಂದು ಕೇಳಿದೆ. “ಎಲ್ಲಿಂದ? ಮೊದಮೊದ್ಲು ಓಡ್ತಿದ್ವು. ಈಗ ಶೆಡ್ಡಿನ ಮೇಲೆ ಕೂತು ಪಟಾಕಿ ಹೊಡಿಯೂದ್ನೇ ನೋಡ್ತವೆ” ಎಂದರು. “ಹೆದ್ರೂ ಮಂಗ ಎಲ್ಲ ಓಡಿ ಹೋದ್ವು. ಹೆದ್ರದಿದ್ವು ಉಳಿದು ಇಲ್ಲೇ ಮರಿ ಹಾಕಿದ್ವು. ನಮ್ಮ ಕಾಲಿನ ಮೇಲೂ ಹಂಗೇ ಆಗಿರೂದು” ಎಂದೆ. ಸೋಮಣ್ಣನವರು ಶೆಡ್ಡಿನ ಮಾಡಿನ ಕಡೆ ನೋಡಿದರು. ಭರಣಿಯ ಕಡೆ ನೋಡಿದರು. ಅಷ್ಟು ಹೊತ್ತಿಗೆ ಗಿರಿಜಾ ಕೋಲೂರಿಕೊಂಡು ಮುಂದೆ ಬಂದು, ಸೀರೆ ಎತ್ತಿ ಪಾದದ ಗಾಯ ತೋರಿಸಿದಳು. ಸೋಮಣ್ಣನವರು ತಾವೇ ಭರಣಿಯನ್ನು ಮುಂದಕ್ಕೆ ತಳ್ಳಿದರು. ಭರಣಿಯನ್ನು ಡಾಕ್ಟರು ತೆಗೆದುಕೊಂಡು ಹೋದರು. ಅದನ್ನು ತೋಟದ ತೊರೆಗೆ ಸುರಿಯದೆ, ಆಸ್ಪತ್ರೆಯ ಕಸದ ಜೊತೆ ಸರಿಯಾದ ಜಾಗಕ್ಕೆ ಕಳಿಸಿದರು.

ಬೇಡ ಎನ್ನುವುದು ಸುಲಭ, ಅದರ ಬದಲಿಗೆ ಏನು? ತೊಳೆಯಿರಿ ಎಂದೆವು. ಎಲ್ಲರೂ ಎರಡು ಚೊಂಬು ನೀರು ಸುರಿದು, ಸೋಪನ್ನು ಕಾಲಿಗೆ ತೋರಿಸಿ ಮನೆಗೆ ಓಡುತ್ತಿದ್ದರು. ಒಂದು ನಿಮಿಷ ತಿಕ್ಕಬೇಕು ಎಂದರೆ, ಕೆಸರಿನ ಕೈಯಲ್ಲಿ ನಿಮಿಷ ನೋಡುವವರು ಯಾರು? ಡಾಕ್ಟರಿಗೂ ನನಗೂ ತಲೆಕೆಟ್ಟುಹೋಯಿತು. ಉಪಾಯ ಹೊಳೆದದ್ದು ಗಿರಿಜಾಳಿಗೆ. ಸಂಜೆ ಕೆಲಸ ಬಿಟ್ಟ ಮೇಲೆ ಕಾಫಿ ಹಣ್ಣಿನ ಸಿಪ್ಪೆ ಬಿಡಿಸುವ ಪಲ್ಪರ್ ಮನೆಯ ಹಿಂದಿನ ನಲ್ಲಿ ಸಾಲಿನಲ್ಲಿ ತನ್ನ ಗ್ಯಾಂಗನ್ನು ನಿಲ್ಲಿಸಿ, “ಎಲ್ರೂ ಸೋಪು ಹಚ್ಚಿ. ನಾನು ಮಸ್ಟರ್ ಕರಿತೀನಿ. ಕಡೇ ಹೆಸರು ಬರೂತನಕ ಯಾರೂ ನೀರು ಹಾಕೂಹಂಗಿಲ್ಲ!” ಎಂದಳು.

ಥೇಟ್ ಸೋಮಣ್ಣನವರ ದನಿಯಲ್ಲಿ, ಮೂಗಿನಿಂದ, ಎಳೆದೆಳೆದು ಶುರು ಮಾಡಿದಳು. “ಪಾರ್ವತೀ.” “ಇದೀನಿ.” “ಸುಂದರೀ.” “ಇದೀನಿ.” “ದೇವಕೀ.” “ಇದೀನಿ.” “ಚೆಲುವೀ.” ಉತ್ತರವಿಲ್ಲ. ಚೆಲುವಿ ಯಾವತ್ತೂ ಮಾತಿನಲ್ಲಿ ಮೈಮರೆಯುವವಳು, ಸೋಮಣ್ಣನವರು ದಿನಾ ಅವಳ ಹೆಸರನ್ನು ಎರಡು ಸಲ ಕರೆಯಬೇಕಿತ್ತು. ಗಿರಿಜಾಳೂ ಕಿರುಚಿದಳು. “ಚೆಲುವೀಽಽ!” “ಆಂ, ಇದೀನಿ ಇದೀನಿ!” ಎಲ್ಲರೂ ಬಿದ್ದು ಬಿದ್ದು ನಕ್ಕರು. ರತ್ನ, ಸೀತು, ಗುಲಾಬಿ, ಅಕ್ಕಮ್ಮ, ಕಮಲ ಎಂದು ಹತ್ತನೆಯದಾಗಿ ತನ್ನ ಹೆಸರನ್ನೇ ಕರೆದು, ತಾನೇ “ಇದೀನಿ” ಎಂದಳು. ಅಲ್ಲೇ ಪಕ್ಕದಲ್ಲಿ ಚಪ್ಪಲಿ ಹಾಕಿಕೊಂಡು ಮೇಲ್ವಿಚಾರಣೆ ಮಾಡುತ್ತಾ ನಿಂತಿದ್ದ ನನ್ನನ್ನು ನೋಡಿದಳು.

“ತಪ್ಪು ಮಾಡಿದೋರು ನಿಂತು ನೋಡೂದಲ್ಲ. ಬನ್ನಿ ಇತ್ಲಾಗೆ. ಜಯಕ್ಕಾ!”

“ಇದೀನಿ ಕಣೇ” ಎಂದು ನಾನೂ ಚಪ್ಪಲಿ ಬಿಚ್ಚಿ ಸೋಪು ಹಚ್ಚಿದೆ. ಹನ್ನೊಂದು ಹೆಸರಿಗೆ ಸರಿಯಾಗಿ ಒಂದು ಕಾಲು ಸ್ವಚ್ಛವಾಗುತ್ತಿತ್ತು. ಇನ್ನೊಂದು ಕಾಲಿಗೆ ಇನ್ನೊಂದು ಸುತ್ತು. ಅವತ್ತಿನಿಂದ ಪ್ರತಿ ಸಂಜೆ ಆ ನಲ್ಲಿಯ ಹತ್ತಿರ ಮಸ್ಟರ್ ಕೇಳುತ್ತಿತ್ತು. ಬೆಳಿಗ್ಗೆಯ ಮಸ್ಟರಿಗೆ ಚಕ್ಕರ್ ಹೊಡೆದವರೂ ಸಂಜೆಯದಕ್ಕೆ ಬರುತ್ತಿದ್ದರು. ಆ ಮಳೆಗಾಲ ಕೀವು ತುಂಬಿದ ಕಾಲುಗಳು ನನ್ನ ಕಿಟಕಿಗೆ ಬರುವುದು ಕಣ್ಣಿಗೆ ಕಾಣುವಷ್ಟು ಕಮ್ಮಿಯಾಯಿತು.

ಕಿಟಕಿಯ ಈಚೆಗೂ ಪದ್ಧತಿ ಬದಲಾಯಿತು. ಡಾಕ್ಟರು ಬೇಕೆಂದು ಬರೆದರೆ ಮಾತ್ರ ಆ ಜಾತಿಯ ಔಷಧಿ, ಬರೆದಷ್ಟು ದಿನವೂ ತೆಗೆದುಕೊಳ್ಳಬೇಕು, ಉಳಿಸಿ ನೆರೆಮನೆಗೆ ಕೊಡಬಾರದು. ಇದನ್ನು ದಿನಕ್ಕೆ ಎಷ್ಟು ಸಲ ಹೇಳಿದೆನೋ, ನಿದ್ದೆಯಲ್ಲೂ ಹೇಳುತ್ತಿದ್ದೆನಂತೆ. ಒಮ್ಮೆ ದೊಡ್ಡ ಎಸ್ಟೇಟಿನ ಗೌಡರೊಬ್ಬರು ಮೂಗು ಸೋರಿಸಿಕೊಂಡು ಬಂದರು. ಡಾಕ್ಟರು ನೋಡಿ, ಬರೀ ಶೀತ, ಬೆಚ್ಚಗಿರಿ ಎಂದು ಕಳಿಸಿದ್ದರು. ಗೌಡರು ಸೀದಾ ನನ್ನ ಕಿಟಕಿಗೆ ಬಂದು, “ಅವ್ರು ಹೊಸಬ್ರು. ನೀವು ಒಂದು ಸ್ಟ್ರಾಂಗಾದ್ದು ಕೊಡಿ ಜಯಕ್ಕ” ಎಂದರು.

“ಶೀತಕ್ಕೆ ಅದು ನಾಟೂದೇ ಇಲ್ಲ ಗೌಡ್ರೆ. ನಿಮ್ಮ ತೋಟದ ಕಾಳುಮೆಣಸು ದೇಶ ದೇಶಕ್ಕೆ ಹೋಗ್ತದೆ. ನಿಮ್ಮ ಗಂಟ್ಲಿಗೆ ಮಾತ್ರ ಹೋಗ್ಲಿಲ್ವಾ? ಒಂದು ಕಷಾಯ ಕುಡಿರಿ” ಎಂದೆ. ಸಾಲಿನಲ್ಲಿದ್ದವರು ಉಸಿರು ಬಿಗಿ ಹಿಡಿದರು. ಗೌಡರು ಜೋರಾಗಿ ನಕ್ಕರು, ನಕ್ಕು ಸೀನಿದರು. ವಾರ ಬಿಟ್ಟು ಬಂದು, “ನಿಮ್ಮ ಕಷಾಯದಿಂದ್ಲೇ ವಾಸಿ ಆಯ್ತು” ಎಂದರು. ಕುಡಿಯದಿದ್ದರೂ ವಾಸಿಯಾಗುತ್ತಿತ್ತು ಎಂದು ಹೇಳಲು ಬಾಯಿಗೆ ಬಂದದ್ದನ್ನು ನುಂಗಿಕೊಂಡೆ. ಮತ್ತೊಂದು ‘ಜಯಕ್ಕನ ಕಷಾಯ’ ಹುಟ್ಟೀತು ಎಂಬ ಭಯವೂ ಇತ್ತು ಅನ್ನಿ. ಹುಡುಗಿಯರೇ, ಇಲ್ಲ ಎನ್ನುವಾಗ ಮುಖ ಗಂಟು ಹಾಕಬೇಡಿ. ನಗಿಸಿ ಇಲ್ಲ ಎನ್ನಿ. ನಗುತ್ತಾ ಹೋದವರು ಮತ್ತೆ ನಿಮ್ಮ ಹತ್ತಿರವೇ ಬರುತ್ತಾರೆ. ಮುನಿಸಿಕೊಂಡು ಹೋದವರು ಎಲ್ಲೋ ಹೋಗಿ ಕೊಂಡುಕೊಳ್ಳುತ್ತಾರೆ.

ಡಾಕ್ಟರ್ ವತ್ಸಲಾ ವರ್ಗವಾಗಿ ಹೋದರು. ಸೋಮಣ್ಣನವರು ಕೆಲಸ ಬಿಟ್ಟು ಮಗಳ ಮನೆ ಸೇರಿದರು. ಚೆಲುವಿ ತೀರಿಕೊಂಡಳು. ಗ್ಯಾಂಗಿನವರು ಒಬ್ಬೊಬ್ಬರು ಒಂದೊಂದು ಕಡೆ ಚೆದುರಿದರು. ಗಿರಿಜಾ ಮಾತ್ರ ಇಲ್ಲೇ ಇದ್ದಾಳೆ. ಅದೇ ಕಾಲಿನಲ್ಲಿ ಗುಡ್ಡ ಹತ್ತಿ ಬಂದು ನನ್ನ ಮನೆಯಲ್ಲಿ ಕಾಫಿ ಕುಡಿದು ಹೋಗುತ್ತಾಳೆ. ಸಕ್ಕರೆ ಕಮ್ಮಿ ಎಂದು ಬೈದೂ ಹೋಗುತ್ತಾಳೆ.

ಕಳೆದ ಮಳೆಗಾಲ ನೆಂಟರ ಜೊತೆ ಅತ್ತಿಗುಂಡಿಗೆ ಹೋಗಿದ್ದೆ. ನಮ್ಮ ಊರಿಗೂ ಅತ್ತಿಗುಂಡಿಗೂ ಎಷ್ಟೋ ಗುಡ್ಡಗಳ ಅಂತರ. ಅಲ್ಲಿ ನನ್ನನ್ನು ಬಲ್ಲವರು ಯಾರೂ ಇಲ್ಲ. ಒಂದು ತೋಟದ ದಾರಿಯಲ್ಲಿ ಸುತ್ತಾಡುವಾಗ ಹಿಮ್ಮಡಿಗೆ ಇಂಬಳ ಕಚ್ಚಿ ರಕ್ತ ಸೋರತೊಡಗಿತು. ಕೆಲಸ ಮುಗಿಸಿ ಬರುತ್ತಿದ್ದ ಒಬ್ಬ ಹೆಂಗಸು ನೋಡಿದಳು. ಇಪ್ಪತ್ತೈದರ ಆಸುಪಾಸಿನವಳು, ಹೆಸರು ಪವಿತ್ರ ಎಂದು ಆಮೇಲೆ ಗೊತ್ತಾಯಿತು. ನನಗೆ ಸುಮ್ಮನೆ ಪರೀಕ್ಷೆ ಮಾಡುವ ಚಪಲ. “ಯಾವ್ದಾದ್ರೂ ಕ್ಯಾಪ್ಸೂಲ್ ಇದ್ರೆ ಬಿಡ್ಸಿ ಹಾಕ್ಬಹುದಿತ್ತು ಅಲ್ವನಮ್ಮ?” ಎಂದೆ.

“ಅಯ್ಯೋ, ಎಂತ ಅಜ್ಜಿ ನೀವು! ಓದ್ದೋರ ಹಂಗೆ ಕಾಣ್ತೀರಿ” ಎಂದು ಗದರಿದಳು. “ಅದನ್ನೆಲ್ಲ ಹಾಕ್ಬಾರ್ದು. ಆಮೇಲೆ ಬೇಕಾದಾಗ ಔಷಧಿ ನಾಟೂದಿಲ್ಲ. ಬನ್ನಿ ಇಲ್ಲಿ.” ನನ್ನ ರಟ್ಟೆ ಹಿಡಿದು ನಲ್ಲಿಯ ಹತ್ತಿರ ಕಲ್ಲಿನ ಮೇಲೆ ಕೂರಿಸಿದಳು. ಕಾಲನ್ನು ನೀರಿಗೆ ಹಿಡಿದು ಸೋಪು ಹಚ್ಚಿದಳು. ತಿಕ್ಕುತ್ತಾ, ಮೂಗಿನಿಂದ ಎಳೆದೆಳೆದು ಶುರು ಮಾಡಿದಳು.

“ಪಾರ್ವತೀ. ಸುಂದರೀ. ದೇವಕೀ. ಚೆಲುವೀ... ಚೆಲುವೀಽಽ!”

ನಾನು ಬಗ್ಗಿ ಅವಳ ಮುಖ ನೋಡಿದೆ. “ಇದೆಂತದೇ ಅದು? ಆ ಚೆಲುವಿಗೆ ಯಾಕೆ ಎರಡು ಸಲ?” ಎಂದು ಹೇಗೋ ಕೇಳಿದೆ.

“ಗೊತ್ತಿಲ್ಲಪ್ಪ. ಹಂಗೇ ಕರೀಬೇಕು. ನಮ್ಮತ್ತೆ ಎಲ್ಲೋ ಕೆಲ್ಸಕ್ಕೆ ಹೋದಾಗ ಕಲ್ತಿದ್ದಂತೆ, ಇಲ್ಲಿ ಎಲ್ರೂ ಹಿಂಗೇ ತೊಳಿಯೂದು. ನೀವು ಕಾಲು ಅಲ್ಲಾಡಿಸ್ಬೇಡಿ, ಇನ್ನೂ ಹೆಸರು ಮುಗೀಲಿಲ್ಲ” ಎಂದಳು. ರತ್ನ ಬಂದಳು, ಸೀತು ಬಂದಳು, ಗುಲಾಬಿ, ಅಕ್ಕಮ್ಮ, ಕಮಲ ಬಂದರು. ಗಿರಿಜಾ ಬಂದಳು. ನಾನು ಅಳುತ್ತಿದ್ದೆನೋ ನಗುತ್ತಿದ್ದೆನೋ ನನಗೇ ಗೊತ್ತಿಲ್ಲ.

“ಇದೊಂದು ಕಡೇದು. ಇದು ಆದ್ಮೇಲೆ ನೀರು ಹಾಕ್ಬಹುದು” ಎಂದು ಪವಿತ್ರ ಚೊಂಬು ಎತ್ತಿಕೊಂಡಳು.

“ಜಯಕ್ಕಾ.”

“ಇದೀನಿ ಕಣೇ” ಎಂದೆ.